ಗುರುಮಲ್ಲಪ್ಪನವರೂ ಕಣ್ಣಿಗೆ ಕಾಣದ ಪುಡಿಯೂ

ಗುರುಮಲ್ಲಪ್ಪ ಮೇಷ್ಟರು ಒಂದು ಕಡೆ ನೆಮ್ಮದಿಯಾಗಿ ಕೂತದ್ದನ್ನು ನಾನು ನೋಡಿಯೇ ಇಲ್ಲ. ಪಾಠ ಹೇಳುವಾಗ ನಡೆಯುತ್ತಿದ್ದರು; ಊಟದ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಡೆಯುತ್ತಲೇ ಉಣ್ಣುತ್ತಿದ್ದರು. ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಫ್ಯಾನ್ ಆರಿಸುತ್ತಿದ್ದರು. ಎಂಥ ಸೆಖೆಯಲ್ಲೂ ಬಿಡುತ್ತಿರಲಿಲ್ಲ.

ಚಾಮರಾಜನಗರದ ಹೊರಗಿರುವ ನಮ್ಮ ಬಣ್ಣದ ಕಾರ್ಖಾನೆಗೆ ಆಗಷ್ಟೇ ನ್ಯಾನೊ ಪುಡಿ ಬರತೊಡಗಿತ್ತು. ಬಿಸಿಲಿಗೆ ಬಣ್ಣ ಮಾಸದಿರಲೆಂದು ಬೆರೆಸುವ, ಹಿಟ್ಟಿಗಿಂತ ಎಷ್ಟೋ ನುಣುಪಾದ ಬಿಳಿ ಪುಡಿ. ಅದನ್ನು ತೂಗಿ ಮಿಕ್ಸರಿಗೆ ಸುರಿಯುವ ನಮಗೆ ತರಬೇತಿ ಕೊಡಲು ಮೇಷ್ಟರು ಭೀಮನಬೀಡಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಅವರದು ಕರಾರಿನ ಕೆಲಸ.

"ದಪ್ಪ ಧೂಳು ಮೂಗಲ್ಲೇ ನಿಂತ್ಕತ್ತದೆ ಕಣ್ರಪ್ಪ. ಇದು ನಿಲ್ಲಕ್ಕಿಲ್ಲ, ಸೀದಾ ಎದೆ ಒಳಕ್ಕೇ ಓಯ್ತದೆ," ಎನ್ನುತ್ತಿದ್ದರು. ಯಾರಾದರೂ ಪೊರಕೆ ಹಿಡಿದರೆ ದೂರದಿಂದಲೇ ಕೂಗು: "ಗುಡಿಸ್ಬುಟ್ಟೀಯ ಕಣಮ್ಮಿ! ಒದ್ದೆ ಬಟ್ಟೇಲಿ ಒರ್ಸು!"

ಮಾಸ್ಕ್ ಮುಖಕ್ಕೆ ಸಂದಿಲ್ಲದಂತೆ ಕೂರಬೇಕಾದರೆ ಗಡ್ಡವಾಗಲಿ ದಪ್ಪ ಮೀಸೆಯಾಗಲಿ ಇರಬಾರದು. ಮಿಕ್ಸರ್ ನಡೆಸುವ ಸಿದ್ದರಾಜು ಒಪ್ಪಲಿಲ್ಲ. "ಮೀಸೆ ತಗುದ್ಬುಟ್ರೆ ಊರಲ್ಲಿ ಮುಖ ತೋರ್ಸದು ಎಂಗೆ ಸಾ?" ಎಂದ. ಮಾರನೆಯ ದಿನ ಮೇಷ್ಟರು ಬಂದಾಗ ನಮಗೆ ಗುರುತೇ ಸಿಗಲಿಲ್ಲ. ಅವರ ಪೊದೆಮೀಸೆ ಮಾಯವಾಗಿತ್ತು. "ನೋಡ್ಲಾ, ನಾನೇನು ಸತ್ತೋದ್ನ? ಮನೇಲಿ ಎಂಡ್ತಿ ಮಾತ್ರ ಇನ್ನೂ ನಗ್ತಾವ್ಳೆ," ಎಂದರು. ಸಿದ್ದರಾಜು ನಕ್ಕು ನಕ್ಕು ಸುಸ್ತಾದ. ಮರುದಿನ ಅವನೂ ಬೋಳಿಸಿಕೊಂಡು ಬಂದ.

ಒಂದು ಬೆಳಿಗ್ಗೆ, ಪುಡಿ ಸುರಿಯುವಾಗ ಮೇಲೇಳುವ ಧೂಳನ್ನು ಎಳೆದುಕೊಳ್ಳುವ ಯಂತ್ರ ಕೆಟ್ಟು ನಿಂತಿತು. ಹೊರಗೆ ಲಾರಿ ಕಾಯುತ್ತಿತ್ತು. "ಇವತ್ತೊಂದಿನ ಬರೀ ಮಾಸ್ಕ್ ಹಾಕ್ಕೊಂಡು ಮುಗಿಸಿಬಿಡಿ," ಎಂದರು ಮ್ಯಾನೇಜರು. ಮೇಷ್ಟರು ಮಿಕ್ಸರಿನ ಸ್ವಿಚ್ಚಿಗೆ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

"ಎಲ್ರೀ ಇದೆ ಧೂಳು? ನನಗೇನೂ ಕಾಣಿಸ್ತಿಲ್ಲ!"

"ಕಾಣಂಗಿದ್ರೆ ನಾನ್ಯಾಕೆ ಬೇಕಿತ್ತು ಸಾ? ಇವ್ರೇ ಎದ್ದು ಓಡೋಗರು."

ಮ್ಯಾನೇಜರು ನಮ್ಮತ್ತ ತಿರುಗಿದರು. "ನೀವು ಕೆಲಸ ಮಾಡ್ತೀರೋ, ಮನೆಗೆ ಹೋಗ್ತೀರೋ?" ಮೇಷ್ಟರು ನಮ್ಮ ಕಡೆ ನೋಡಲೂ ಇಲ್ಲ. "ಮಿಷಿನ್ ಸರಿ ಆಗ್ಲಿ ಸಾರ್, ಮಾಡ್ತೀವಿ," ಎಂದೆ. ಸಿದ್ದರಾಜು ಬಂದು ನನ್ನ ಪಕ್ಕ ನಿಂತ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಲಾರಿ ಖಾಲಿ ಹೋಯಿತು.

ಯಂತ್ರ ಬೇಗನೆ ರಿಪೇರಿಯಾಯಿತು. ಮೇಷ್ಟರ ಕರಾರು ಮಾತ್ರ ಮುಂದುವರಿಯಲಿಲ್ಲ. ಹೊಸಬರಿಗೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೇಷ್ಟರು ಕೊನೆಯ ಸಲ ಸಿಕ್ಕಿದ್ದು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ. ಕೇರಳದ ಯಾವುದೋ ಕಾರ್ಖಾನೆಗೆ ಹೊರಟಿದ್ದರು.

"ಈಗ ಯಾರಮ್ಮಿ ಏಳ್ಕೊಡ್ತಾ ಇರದು?"

"ನಾನೇ ಸಾರ್."

ಅವರ ಮುಖ ಅರಳಿತು, ಮರುಕ್ಷಣವೇ ಅದರಲ್ಲಿ ಗಾಬರಿ ಕಂಡಿತು. "ಏನೇಳ್ಕೊಡ್ತೀಯೆ? ಏಳು ನೋಡನ!" ಕಡಲೆಕಾಯಿ ಮಾರುವವರ ನಡುವೆಯೇ ಪರೀಕ್ಷೆ ಶುರುವಾಯಿತು. ಕಂಡಕ್ಟರ್ ಸೀಟಿ ಊದಿದರೂ ಪ್ರಶ್ನೆ ಮುಗಿಯಲಿಲ್ಲ. ಹೊರಟ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ಗ್ಲೌಸು ಬಿಚ್ಚದು ಎಂಗೆ?"

ಕೂಗಿ ಹೇಳಿದರೂ ಕೇಳಿಸುವಂತಿರಲಿಲ್ಲ. ಎರಡೂ ಕೈ ಮೇಲೆತ್ತಿ, ಇಲ್ಲದ ಗ್ಲೌಸನ್ನು, ಪುಡಿ ಒಳಗೇ ಉಳಿಯಲೆಂದು, ಮಣಿಕಟ್ಟಿನಿಂದ ಒಳಮಗ್ಗುಲು ಹೊರಗಾಗುವಂತೆ ಎಳೆದು ತೋರಿಸಿದೆ. ಸುತ್ತಲಿನವರು ನಕ್ಕರು. ಮೇಷ್ಟರ ಕೈ ಕಿಟಕಿಯಲ್ಲಿ ಅಲ್ಲಾಡಿತು. ಸರಿ ಎಂದರೋ, ತಪ್ಪು ಎಂದರೋ ತಿಳಿಯುವಷ್ಟರಲ್ಲಿ ಬಸ್ಸು ಕೇರಳದ ರಸ್ತೆಗೆ ತಿರುಗಿಬಿಟ್ಟಿತು.