ಎದುರುಮನೆ ಮಾಮನ ವಯಸ್ಸು

ಮೊಳಕೆ ಕಟ್ಟಿದ ಹೆಸರುಕಾಳಿಗೆ ಒಂದು ವಾಸನೆಯಿದೆ. ಒದ್ದೆ ಬಟ್ಟೆಯ ಗಂಟು ಬಿಚ್ಚಿದ ಕೂಡಲೇ ಮೂಗಿಗೆ ಬಡಿಯುವ, ಅರ್ಧ ಹಸಿರು, ಅರ್ಧ ಮುಗ್ಗಲು ವಾಸನೆ. ಹೋದ ವಾರ ಮಹದೇವಪುರದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕೂತಿದ್ದಾಗ ಗೆಳತಿಯೊಬ್ಬರು ಡಬ್ಬಿ ತೆಗೆದು, "ತಗೊಳ್ರೀ, ದಿನಾ ಒಂದು ಹಿಡಿ ತಿಂದ್ರೆ ವಯಸ್ಸೇ ಆಗಲ್ಲ" ಅಂದರು. ನಾನೂ ಒಂದು ಹಿಡಿ ತೆಗೆದುಕೊಂಡೆ. ಬಾಯಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಎದುರುಮನೆ ಮಾಮ ನೆನಪಾದರು...

ಎಂಬತ್ತರ ದಶಕದಲ್ಲಿ ನಾವು ಪೀಣ್ಯದ ಕಡೆ ಇದ್ದೆವು. ಅಪ್ಪನಿಗೆ ಅಲ್ಲೊಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ನಮಗೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮನೆ. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಎದುರುಮನೆಯವರು ಅಪ್ಪನ ಜೊತೆ ಕಾರ್ಖಾನೆಯ ಒಂದೇ ವಿಭಾಗದಲ್ಲಿ ದುಡಿಯುತ್ತಿದ್ದರು, ಮಾಕಳಿ ಊರಿನವರು. ಅಪ್ಪನಿಗೂ ಅವರಿಗೂ ಒಂದೇ ವಯಸ್ಸು, ಐವತ್ತಾರು. ರಿಟೈರ್ ಆಗಬೇಕಾಗಿದ್ದೂ ಒಂದೇ ವರ್ಷ. ಅದಕ್ಕೇ ನಮ್ಮ ಸಾಲಿನವರೆಲ್ಲ ಇಬ್ಬರನ್ನೂ ಜೋಡೆತ್ತು ಎಂದು ರೇಗಿಸುತ್ತಿದ್ದರು. ಆದರೆ ಆ ಜೋಡಿಯಲ್ಲಿ ಒಂದು ಬಳಲಿದ ಎತ್ತು, ಇನ್ನೊಂದು ಕೊಬ್ಬಿದ ಹೋರಿ. ಅಪ್ಪನ ತಲೆ ಪೂರ್ತಿ ಬೆಳ್ಳಗಾಗಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಮಾಮನ ತಲೆಯಲ್ಲಿ ಹುಡುಕಿದರೂ ಒಂದು ಬಿಳಿಕೂದಲಿರಲಿಲ್ಲ. ಬಣ್ಣ ಹಚ್ಚುವವರಲ್ಲ, ಅದನ್ನು ನಮ್ಮಮ್ಮನೇ ಪರೀಕ್ಷೆ ಮಾಡಿ ಹೇಳಿದ್ದಳು.

ಗುಟ್ಟೇನು ಎಂದು ಯಾರಾದರೂ ಕೇಳಿದರೆ ಮಾಮ ಎದೆಯುಬ್ಬಿಸಿ ನಿಲ್ಲುತ್ತಿದ್ದರು. "ಬೆಳಿಗ್ಗೆ ಮೊಳಕೆಕಾಳು, ಮಧ್ಯಾಹ್ನ ರಾಗಿಮುದ್ದೆ ಸೊಪ್ಪು, ರಾತ್ರಿ ಅರೆಹೊಟ್ಟೆ. ಇಷ್ಟೇ ಕಣ್ರೀ. ಉಳಿದಿದ್ದೆಲ್ಲ ಇಲ್ಲಿದೆ" ಎಂದು ತಲೆ ಮುಟ್ಟಿ ತೋರಿಸುತ್ತಿದ್ದರು. ಮನಸ್ಸು ಮುದಿಯಾಗದಿದ್ದರೆ ಮೈಯೂ ಮುದಿಯಾಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಅವರಿಗೆ ಎರಡೂ ಗೊತ್ತಿತ್ತು. ಅವರು ನಕ್ಕರೆ ಸಾಲಿನ ಕೊನೆಯ ಮನೆಗೂ ಕೇಳುತ್ತಿತ್ತು. ನನಗಂತೂ ಅವರೆಂದರೆ ಪ್ರಾಣ. ನಮ್ಮಪ್ಪನೂ ಹೀಗಿರಬಾರದಿತ್ತೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ.

ಕಾರ್ಖಾನೆಯ ಸೈರನ್ ಕೂಗುವುದಕ್ಕೆ ಮುಂಚೆ ಕ್ವಾರ್ಟರ್ಸಿನ ಹಿಂದಿನ ಮೈದಾನದಲ್ಲಿ ಮಾಮ ಒಂದಷ್ಟು ಜನರನ್ನು ಸೇರಿಸಿ ಸುತ್ತು ಹಾಕಿಸುತ್ತಿದ್ದರು. ಆ ಗುಂಪಿಗೊಂದು ಕಟ್ಟಳೆಯಿತ್ತು. ಅಲ್ಲಿ ಯಾರೂ ಸುಸ್ತು, ನೋವು, ವಯಸ್ಸಾಯ್ತು ಎಂಬ ಮಾತುಗಳನ್ನು ಆಡುವಂತಿಲ್ಲ. ಆಡಿದರೆ ಎಲ್ಲರೂ "ದಂಡ! ದಂಡ!" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಆಡಿದವರು ಒಬ್ಬರೇ ಇನ್ನೊಂದು ಸುತ್ತು ಹಾಕಬೇಕು. ಒಳ್ಳೇ ತಮಾಷೆಯಾಗಿತ್ತು, ಯಾರಿಗೂ ಅದರಲ್ಲಿ ಕೆಡುಕು ಕಾಣಲಿಲ್ಲ.

ಅಪ್ಪನೂ ಆ ಗುಂಪಿಗೆ ಸೇರಿದರು. ಕಾಫಿ ಬಿಟ್ಟರು, ಕ್ಯಾಂಟೀನಿನ ಬೋಂಡ ಬಿಟ್ಟರು. ನಮ್ಮ ಅಡುಗೆಮನೆಯ ಮೊಳೆಯಲ್ಲಿ ಹೆಸರುಕಾಳಿನ ಗಂಟು ನೇತಾಡತೊಡಗಿತು. ಹೊಟ್ಟೆಯೇನೋ ಸ್ವಲ್ಪ ಕರಗಿತು. ಆದರೆ ಮಾಮನ ಹಾಗೆ ಆಗಲಿಲ್ಲ. ಕನ್ನಡಿಯ ಮುಂದೆ ನಿಂತು ಅಪ್ಪ ಅಮ್ಮನಿಗೆ ಹೇಳುತ್ತಿದ್ದರು, "ನಮ್ಮಿಬ್ರುದೂ ಒಂದೇ ವಯಸ್ಸು ಕಣೇ. ಅದೇ ಕಾಳು, ಅದೇ ಮುದ್ದೆ. ಅವ್ನು ಹೇಗಿದಾನೆ, ನಾನು ಹೇಗಿದೀನಿ... ನನ್ನ ಮನಸ್ಸಲ್ಲೇ ಏನೋ ಹುಳುಕಿದೆ."

ಒಂದು ಬೆಳಿಗ್ಗೆ ನಾನು ಕಾಳಿನ ಡಬ್ಬಿ ಕೊಡಲು ಮೈದಾನಕ್ಕೆ ಹೋಗಿದ್ದೆ. ಅಪ್ಪ ನಡೆಯುತ್ತಿದ್ದವರು ನಿಂತರು. ಎದೆಯ ಮೇಲೆ ಕೈಯಿಟ್ಟುಕೊಂಡು, "ಯಾಕೋ ಇಲ್ಲಿ ಹಿಡ್ಕೊಂಡಂಗೆ ಆಗ್ತಿದೆ" ಅಂದರು. "ದಂಡ! ದಂಡ!" ಎಂದು ಗುಂಪು ಕೂಗಿತು. ಎಲ್ಲರಿಗಿಂತ ಜೋರಾಗಿ ಮಾಮನ ದನಿ. ಅಪ್ಪ ನಾಚಿಕೊಂಡು ನಕ್ಕರು, ಮತ್ತೆ ಒಬ್ಬರೇ ಒಂದು ಸುತ್ತು ಹಾಕಿದರು. ಆಮೇಲೆ ಯಾವತ್ತೂ ಅವರು ಎದೆಯ ಮಾತೆತ್ತಲಿಲ್ಲ, ಮನೆಯಲ್ಲೂ ಎತ್ತಲಿಲ್ಲ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅಪ್ಪ ಮೈದಾನದ ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಮಾಮನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. "ಮೊದಲೇ ನೋವು ಬಂದಿರಬೇಕಲ್ಲಮ್ಮ, ಯಾಕೆ ಹೇಳಲಿಲ್ಲ?" ಎಂದು ಡಾಕ್ಟರು ಅಮ್ಮನನ್ನು ಕೇಳಿದರು. ಅಮ್ಮನಿಗೆ ಗೊತ್ತಿದ್ದರೆ ತಾನೇ ಹೇಳಲು...

ಹನ್ನೊಂದರ ಕಾರ್ಯ ಮುಗಿದ ಮೇಲೆ ಮಾಮನ ತಾಯಿ ಮಾಕಳಿಯಿಂದ ಅಮ್ಮನನ್ನು ಮಾತಾಡಿಸಲು ಬಂದರು. ಬೆನ್ನು ಬಾಗಿದ, ಎಲೆಅಡಿಕೆಯ ಅಜ್ಜಿ. ಹಬ್ಬಕ್ಕೆ ಬಂದಾಗಲೆಲ್ಲ ಮಗನನ್ನು ಬಾಯ್ತುಂಬ "ಚಿಕ್ಕೋನೇ" ಎಂದು ಕರೆಯುತ್ತಿದ್ದರು, ನಾವು ಅದನ್ನು ಮುದ್ದಿನ ಹೆಸರು ಎಂದುಕೊಂಡಿದ್ದೆವು. ಅಮ್ಮನ ಕೈ ಹಿಡಿದುಕೊಂಡು ಅಜ್ಜಿ ಅತ್ತರು. "ನನ್ ದೊಡ್ಡ್ ಮಗ ಇದ್ದಿದ್ರೆ ನಿಮ್ಮೆಜಮಾನ್ರ ವಾರಗೆನೇ ಕಣವ್ವ. ಅವ್ನೂ ಇಂಗೇ ಇದ್ದಂಗೇ ಒಂಟೋದ, ಜರ ಬಂದು. ಅವ್ನ್ ಎಸ್ರಲ್ಲೇ, ಅವ್ನ್ ಇಸ್ಕೂಲ್ ಕಾಗ್ದ ತೋರ್ಸೇ ಅಲ್ವಾ ಈ ಚಿಕ್ಕೋನು ಕೆಲ್ಸುಕ್ ಸೇರಿದ್ದು. ಇವ್ನಿಗಾಗ ಮೀಸೆನೂ ಸರ್ಯಾಗಿ ಬಂದಿರ್ಲಿಲ್ಲ. ದೊಡ್ಡೋನ್ಗಿಂತ ಒಂಬತ್ತು ವರ್ಸ ಚಿಕ್ಕೋನು ಇವ್ನು."

ಅಮ್ಮ ನನ್ನ ಮುಖ ನೋಡಿದಳು. ಅಜ್ಜಿಗೆ ತಾನು ಏನು ಹೇಳಿದೆ ಎಂಬುದರ ಅರಿವೇ ಇರಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು, ಊಟ ಬಿಡಬೇಡ ಎಂದು ಅಮ್ಮನಿಗೆ ಹೇಳಿ ಎದ್ದುಹೋದರು.

ಐವತ್ತಾರಲ್ಲ, ನಲವತ್ತೇಳು. ಕಾಳೂ ಅಲ್ಲ, ಮುದ್ದೆಯೂ ಅಲ್ಲ, ಮನಸ್ಸೂ ಅಲ್ಲ. ನಲವತ್ತೇಳರ ಗಂಡಸು ನಲವತ್ತೇಳರವನ ಹಾಗೇ ಕಾಣುತ್ತಿದ್ದ, ಅಷ್ಟೇ. ಕ್ವಾರ್ಟರ್ಸಿಗೆ ಕ್ವಾರ್ಟರ್ಸೇ ಅವರನ್ನು ಹೊಗಳಿ ಅಟ್ಟಕ್ಕೇರಿಸಿತ್ತು. ನಮ್ಮಪ್ಪ ಮಾತ್ರ ಕನ್ನಡಿ ಮುಂದೆ ನಿಂತು ತಮ್ಮ ಮನಸ್ಸನ್ನು ಬೈದುಕೊಂಡಿದ್ದರು.

ಮಾರನೆಯ ಸಂಜೆ ಮಾಮ ಬಾಗಿಲಿಗೆ ಬಂದರು. ತಾಯಿ ಆಡಿದ ಮಾತು ಅವರ ಕಿವಿಗೂ ಬಿದ್ದಿರಬೇಕು. ಒಳಗೆ ಬರಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ.

"ಗೊತ್ತಾದ್ರೆ ಕೆಲ್ಸ ಹೋಗ್ಬಿಡ್ತಿತ್ತಮ್ಮ" ಅಂದರು.

"ಕಾರ್ಖಾನೆಗೆ ಹೇಳಿ ಅಂತ ಯಾರ್ ಕೇಳಿದ್ರು ಮಾಮ? ಅಪ್ಪನ ಕಿವೀಲಿ ಹೇಳಿದ್ರೆ ಸಾಕಿತ್ತಲ್ಲ" ಅಂದೆ.

ಮಾಮ ಹೊಸಿಲು ನೋಡುತ್ತಲೇ ಹೇಳಿದರು, "ಮೊದ್ಮೊದ್ಲು ಹೆದ್ರಿಕೆ ಇತ್ತು. ಆಮೇಲೆ ಎಲ್ರೂ ಹೊಗಳೋಕೆ ಶುರು ಮಾಡಿದ್ರು... ನಂಗೂ ಅದು ನಿಜ ಅನ್ನಿಸ್ಬಿಡ್ತಮ್ಮ."

ನಾನು ಬಾಗಿಲು ಹಾಕಿಕೊಂಡೆ. ಯಾರಿಗೂ ಹೇಳಬೇಡ, ಅವರ ಮನೆಯಲ್ಲೂ ಮಕ್ಕಳಿದ್ದಾರೆ ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಳು. ನಮಗೆ ಮೋಸ ಮಾಡಿದವರ ಗುಟ್ಟನ್ನು ನಾವೇ ಕಾಯುವಂತಾಯಿತು. ಅಪ್ಪ ಸತ್ತದ್ದಕ್ಕೆ ಅವರೇ ಕಾರಣ ಎಂದು ನಾನು ಅನ್ನುವುದಿಲ್ಲ. ಹೆಸರುಕಾಳಿನ ಮೇಲೂ ನನಗೆ ಸಿಟ್ಟಿಲ್ಲ, ಪಾಪ, ಅದೇನು ಮಾಡೀತು. ಅಪ್ಪ ದಂಡ ತೆತ್ತ ಆ ಸುತ್ತನ್ನು ಮಾತ್ರ ನನಗೆ ಕ್ಷಮಿಸಲು ಆಗಿಲ್ಲ. ಇಬ್ಬರಿಗೂ ವಯಸ್ಸು ಒಂದೇ ಅಲ್ಲ ಎಂದು ಇಡೀ ಮೈದಾನದಲ್ಲಿ ಗೊತ್ತಿದ್ದದ್ದು ಒಬ್ಬರಿಗೆ, ಎಲ್ಲರಿಗಿಂತ ಜೋರಾಗಿ ಕೂಗಿದವರೂ ಅವರೇ.

ಅವರು ಗುಂಪು ಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. ಆ ತಿಂಗಳು ಕಳೆಯುವುದರೊಳಗೆ ಮೈದಾನದಿಂದ ಮತ್ತೆ "ದಂಡ! ದಂಡ!" ಕೇಳಿಸಿತು. ನಾವು ಕ್ವಾರ್ಟರ್ಸ್ ಖಾಲಿ ಮಾಡುವವರೆಗೂ ಅಮ್ಮ ಆ ಕಡೆಯ ಕಿಟಕಿ ತೆಗೆಯಲಿಲ್ಲ. ಆಮೇಲೆ ಅವರಿಗೆ ಐವತ್ತೆಂಟು ತುಂಬಿತೆಂದು ಹಾರ ಹಾಕಿ ಬೀಳ್ಕೊಟ್ಟರಂತೆ, ಮದುವೆಗಂಡಿನ ಹಾಗೆ ಕಾಣುತ್ತಿದ್ದರಂತೆ. ಕಾಣದೆ ಏನು ಮಾಡುತ್ತಾರೆ.

ಕೆಲವು ವರ್ಷಗಳ ಹಿಂದೆ ಅವರೂ ಹೋದರು. ಹಳೆಯ ನೆರೆಯವರೊಬ್ಬರು ಫೋನ್ ಮಾಡಿ, "ತೊಂಬತ್ತು ವರ್ಷ ಕಣಮ್ಮ! ಕೊನೇವರ್ಗೂ ಮೊಳಕೆಕಾಳು ಬಿಡ್ಲಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಎಂಬತ್ತೊಂದು ಎಂದು ನಾನು ತಿದ್ದಲಿಲ್ಲ. ಅಮ್ಮನಿಗೆ ಮಾತು ಕೊಟ್ಟಿದ್ದೆನಲ್ಲ. ಫೋನ್ ಇಟ್ಟು ಅತ್ತೆ. ಅದರಲ್ಲಿ ಮಾಮನಿಗೂ ಒಂದಿಷ್ಟು ಪಾಲಿತ್ತು, ಅದು ನನಗೇ ಆಶ್ಚರ್ಯ...

ಪಾರ್ಕಿನಲ್ಲಿ ಆ ಹಿಡಿಕಾಳು ಇನ್ನೂ ನನ್ನ ಅಂಗೈಯಲ್ಲೇ ಇತ್ತು. ಅಪ್ಪ ಕಂಡ ವಯಸ್ಸನ್ನು ದಾಟಿ ನಾನೀಗ ಅವರಿಗಿಂತ ದೊಡ್ಡವಳಾಗಿದ್ದೇನೆ. "ಯಾಕ್ರೀ, ತಿಂತಾ ಇಲ್ಲ?" ಎಂದು ಗೆಳತಿ ಕೇಳಿದರು.

"ಮಂಡಿ ನೋಯ್ತಿದೆ ಕಣ್ರೀ. ಸುಸ್ತಾಗಿದೆ. ವಯಸ್ಸಾಯ್ತು" ಅಂದೆ.

"ಅಯ್ಯೋ, ಹಾಗೆಲ್ಲ ಅನ್ಬಾರ್ದು!" ಎಂದು ಅವರು ನನ್ನ ಬಾಯಿಗೆ ಕೈ ಅಡ್ಡ ತಂದರು.

ನಾನು ಆ ಕೈಯನ್ನು ಮೆಲ್ಲಗೆ ಸರಿಸಿ ಇನ್ನೊಂದು ಸಲ ಅಂದೆ.