ಮೊಣಕಾಲಿನ ಮೇಲೆ ಬಾಗಿದ ಸೀಟು

ಅದು 2023ನೇ ಇಸವಿ. ನನಗೆ ಐವತ್ತೆರಡು ವರ್ಷ. ಬೆಂಗಳೂರಿನಲ್ಲಿ ನನ್ನ ಹೆಂಡತಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿದಿತ್ತು. ಬಸ್ಸಿನ ಕುಲುಕಾಟ ತಪ್ಪಲೆಂದು ಹುಬ್ಬಳ್ಳಿಯವರೆಗೆ ವಿಮಾನದಲ್ಲಿ ಹೊರಟೆವು. ಮೇಲೇರಿದ ಕೂಡಲೇ ಮುಂದಿನ ಸೀಟಿನವನು, ಒಮ್ಮೆಯೂ ಹಿಂತಿರುಗಿ ನೋಡದೆ, ತನ್ನ ಸೀಟನ್ನು ಅವಳ ಮೊಣಕಾಲಿಗೆ ಒತ್ತುವಂತೆ ಹಿಂದಕ್ಕೆ ಬಾಗಿಸಿದ.

"ಸ್ವಲ್ಪ ಮುಂದ ಮಾಡ್ಕೋರಿ, ನಮ್ಮ ಮನಿಯವರ ಮೊಣಕಾಲು ಆಪರೇಷನ್ ಆಗೇತಿ" ಎಂದೆ.

"ಸೀಟಿಗೆ ಗುಂಡಿ ಇಟ್ಟಾರಂದ್ರ ಒತ್ತಾಕ ಇಟ್ಟಾರ್ರಿ" ಎಂದು ಅವನು ಕಣ್ಣು ಮುಚ್ಚಿದ. ಇಳಿಯುವವರೆಗೂ ಅವಳು ತುಟಿ ಕಚ್ಚಿ ಕುಳಿತಳು, ನಾನು ಕುದಿಯುತ್ತಿದ್ದೆ.

ಹುಬ್ಬಳ್ಳಿಯಲ್ಲಿ ನಮ್ಮೂರು ಕೊಪ್ಪಳದ ಬಸ್ಸು ಹತ್ತಿದರೆ ಅದೇ ಮನುಷ್ಯ! ಕಿಟಕಿಯಿಂದ ಟವೆಲ್ ಎಸೆದು ಹಿಡಿದ ಸೀಟಿನಲ್ಲಿ ಕುಳಿತಿದ್ದವನು, ಕುಂಟುತ್ತ ಬಂದ ಅವಳನ್ನು ಕಂಡೊಡನೆ ಎದ್ದ. "ಬರ್ರಿ ಅಕ್ಕಾರ, ಇಲ್ಲಿ ಕುಂದರ್ರಿ, ಕಾಲು ಚಾಚ್ರಿ" ಎಂದು, ಪಕ್ಕದವನನ್ನೂ ಎಬ್ಬಿಸಿ, ತಾನು ಕಂಬಿ ಹಿಡಿದು ನಿಂತ. ನನ್ನ ಸಿಟ್ಟು ಇಮ್ಮಡಿಯಾಯಿತು. ಮರ್ಯಾದೆ ತಿಳಿಯದವನನ್ನು ಕ್ಷಮಿಸಬಹುದು. ತಿಳಿದೂ ಮರೆತವನನ್ನು ಹೇಗೆ ಕ್ಷಮಿಸುವುದು?

"ಅಲ್ರಿ, ಈ ಮರ್ಯಾದಿ ವಿಮಾನದಾಗ ಎಲ್ಲಿ ಹೋಗಿತ್ತು?"

"ವಿಮಾನ ಹತ್ತಿದ್ದು ಇದ ಮೊದಲರಿ. ಅಲ್ಲಿ ನಿಮ್ಮನ್ನ ಬಿಟ್ರ ಯಾರೂ ಯಾರನ್ನೂ ಮಾತಾಡ್ಸಲಿಲ್ಲರಿ. ಅಲ್ಲಿ ಹಂಗ ಇರಬೇಕೇನೋ ಅಂತ ತಿಳ್ಕೊಂಡೆ."

ಇದೆಂಥ ಸಮಜಾಯಿಷಿ! ಮುಗಿಲಿಗೆ ಏರಿದ ಮಾತ್ರಕ್ಕೆ ಹಿಂದೆ ಕುಳಿತವರು ಮನುಷ್ಯರಲ್ಲವೆ? ಗದಗ ದಾಟಿದರೂ ದಬಾಯಿಸುತ್ತಲೇ ಇದ್ದೆ, ಹೆಂಡತಿಯೇ ತಡೆದಳು: "ಸಾಕು ಬಿಡ್ರಿ, ಪಾಪ, ಹುಬ್ಬಳ್ಳಿಯಿಂದ ನಿಂತ ಬಂದಾರ."

ಕೊಪ್ಪಳದಲ್ಲಿ ಅವನು ಅವಳ ತೋಳು ಹಿಡಿದು ಇಳಿಸಿ, "ತಪ್ಪಾತ್ರಿ ಅಕ್ಕಾರ" ಎಂದ. ನನಗೆ ಏನೂ ಹೇಳಲಿಲ್ಲ. ನೊಂದ ಮೊಣಕಾಲು ಅವಳದು. ಅವಳು "ಇರ್ಲಿ ಬಿಡಪಾ" ಎಂದ ಮೇಲೆ ನನ್ನ ತಕರಾರಿಗೆ ನೆಲೆಯಿರಲಿಲ್ಲ. ಅದು 2023ರ ನವೆಂಬರ್ 18, ಶನಿವಾರ.