ಹೊರಗಿನಿಂದ ಹಾಕಿದ ಬೀಗ

ಮನೆಯಲ್ಲೇ ಕುಳಿತು ಬರೆದು ಬದುಕುವವನಿಗೆ ಶಿಸ್ತು ಬೇಕು ಎಂದು ಯಾರಾದರೂ ಉಪದೇಶಿಸಿದರೆ, ಅವರ ಚಪ್ಪಲಿ ಎಲ್ಲಿದೆ ಎಂದು ಮೊದಲು ನೋಡುತ್ತೇನೆ. ಒರಟುತನದಂತೆ ಕೇಳಿಸಬಹುದು. ಪೂರ್ತಿ ಕೇಳಿದ ಮೇಲೆ ನೀವೇ ತೀರ್ಮಾನಿಸಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಾರ್ಖಾನೆಯ ಗುಮಾಸ್ತಗಿರಿ ಬಿಟ್ಟು, ಆರ್.ಟಿ. ನಗರದ ಬಾಡಿಗೆ ಮನೆಯೊಂದರಲ್ಲಿ ಬರಹಗಾರನಾದೆ. ಹಾಗೆಂದು ನನಗೆ ಗೊತ್ತಿತ್ತು, ಬೀದಿಗೆ ಗೊತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ಲುಂಗಿಯಲ್ಲಿ ಕಾಣಿಸುವ ಗಂಡಸಿಗೆ ಬೀದಿಯವರು ಎರಡೇ ಕಾರಣ ಕೊಡುತ್ತಾರೆ: ಕಾಯಿಲೆ, ಇಲ್ಲವೇ ಸಸ್ಪೆಂಡು. ನನಗೆ ಕಾಯಿಲೆ ಇರಲಿಲ್ಲ. ಹೆಂಡತಿ ಸರೋಜ ಪಾಠ ಹೇಳಲು ಶಾಲೆಗೆ ಹೊರಟ ಹತ್ತು ನಿಮಿಷಕ್ಕೆ ಬಾಗಿಲು ಬಡಿಯುವುದು ಶುರುವಾಗುತ್ತಿತ್ತು. ಒಬ್ಬರ ಗ್ಯಾಸ್ ಸಿಲಿಂಡರು ಇಳಿಸಿಕೊಳ್ಳಬೇಕು, ಇನ್ನೊಬ್ಬರ ಡಬ್ಬ ಹಿಡಿದು ಸೀಮೆಎಣ್ಣೆ ಸಾಲಿನಲ್ಲಿ ನಿಲ್ಲಬೇಕು. "ನೀವು ಹೆಂಗೂ ಮನೇಲೇ ಇರ್ತೀರಲ್ಲ ಸಾರ್" ಎನ್ನುವುದು ಎಲ್ಲರ ಪಲ್ಲವಿ.

ಮನೆಯ ಮಾಲೀಕರಾದ ಪಿಳ್ಳಮ್ಮ ಅಲ್ಲಿಯ ಹಳೆಯ ಒಕ್ಕಲು ಮನೆತನದವರು. ಹೊಲವೆಲ್ಲ ಸೈಟುಗಳಾದ ಮೇಲೂ ಅವರು ಮತ್ತು ಗಂಡ ಚಿಕ್ಕಣ್ಣನವರು ನಮ್ಮ ಹಿತ್ತಿಲಿಗೆ ತಾಗಿದ ಕೊಟ್ಟಿಗೆಯಲ್ಲಿ ನಾಲ್ಕು ಹಸು ಉಳಿಸಿಕೊಂಡಿದ್ದರು.

"ಏನ್ ಸಾಮಿ, ಇವತ್ತೂ ಕೆಲ್ಸಕ್ಕೆ ಓಗ್ಲಿಲ್ವಾ?"

"ಬರೆಯೋದೇ ನನ್ನ ಕೆಲ್ಸ ಕಣಮ್ಮ."

"ಅದ್ ಸರಿ. ಕೆಲ್ಸಕ್ಕೆ ಯಾವಾಗ ಓಗ್ತೀರಾ?"

ಆಗ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುತ್ತಿದ್ದೆ. ಎರಡು ಕಂತು ತಡವಾದವು. ಮೂರನೆಯದೂ ತಡವಾದರೆ ಕತೆಯನ್ನೇ ಮುಗಿಸಿಬಿಡುವುದಾಗಿ ಸಂಪಾದಕರ ಕಾರ್ಡು ಬಂತು. ಕತೆ ನಿಂತರೆ ನಾನು ತಲೆ ತಗ್ಗಿಸಿ ಕಾರ್ಖಾನೆಯ ಗೇಟಿಗೇ ಹಿಂತಿರುಗಬೇಕಿತ್ತು. ಆ ಭಯದಲ್ಲಿ ಶ್ಯಾಮರಾಯರ ಬಳಿ ಹೋದೆ. ಅದು ನನ್ನ ಮೊದಲ ತಪ್ಪು.

ಶ್ಯಾಮರಾಯರು ನಿವೃತ್ತ ಹೆಡ್ಮಾಸ್ತರು. ಗೋಡೆಯ ಮೇಲೆ ಎರಡು ಬಣ್ಣದ ಶಾಯಿಯಲ್ಲಿ ಬರೆದ ಟೈಮ್‌ಟೇಬಲ್. ಅದರಲ್ಲಿ ಆತ್ಮಕಥೆಗೆ ದಿನಕ್ಕೆ ಎರಡು ಗಂಟೆ ಮೀಸಲು. ಆರು ವರ್ಷದ ಶಿಸ್ತಿನಿಂದ ಆತ್ಮಕಥೆ ಅವರ ಉಪನಯನದವರೆಗೆ ಬಂದಿತ್ತು. "ಟೈಮ್‌ಟೇಬಲ್ ಇಲ್ದಿರೋ ಮನುಷ್ಯ ಬಾಲಂಗೋಚಿ ಇಲ್ದಿರೋ ಗಾಳಿಪಟ ಕಣ್ರೀ" ಎಂದು ಶುರುಮಾಡಿ, ಉಪಾಯವನ್ನೂ ಹೇಳಿಕೊಟ್ಟರು. ಒಂಬತ್ತಕ್ಕೆ ಪ್ಯಾಂಟು ತೊಟ್ಟು, ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಬೀದಿಯಲ್ಲಿ ಒಂದು ಸುತ್ತು ಹೋಗಿ, ಹಿತ್ತಿಲಿನಿಂದ ಸದ್ದಿಲ್ಲದೆ ಒಳಗೆ ಬರಬೇಕು. ಲೋಕದ ಪಾಲಿಗೆ ಆಫೀಸಿಗೆ ಹೋದಂತೆ.

ಸರೋಜಳದು ಧಾರವಾಡದ ನಾಲಿಗೆ. "ಹೊರಗ ಕೀಲಿ, ಒಳಗ ಗಂಡ! ಯಾರರ ನೋಡಿದ್ರ ನಾನ ಕೂಡಿ ಹಾಕೇನಿ ಅಂತಾರಲ್ರೀ" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಉಪಾಯ ಫಲಿಸಿತು ಎಂಬುದೇ ದುರಂತ. ಹದಿನೆಂಟು ದಿನ ಯಾರೂ ಬಾಗಿಲು ಬಡಿಯಲಿಲ್ಲ. ದಿನಕ್ಕೆ ಆರು ಹಾಳೆ. ನನ್ನಷ್ಟಕ್ಕೆ ನಾನು ಎಷ್ಟು ದೊಡ್ಡವನಾಗಿಬಿಟ್ಟೆನೆಂದರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರಿಗೂ ಶಿಸ್ತಿನ ಬಗ್ಗೆ ಹೇಳತೊಡಗಿದೆ.

ಹತ್ತೊಂಬತ್ತನೆಯ ದಿನ, ಹನ್ನೊಂದು ಗಂಟೆ ಹತ್ತು ನಿಮಿಷ. ಕಂತು ಅಂದೇ ಅಂಚೆಗೆ ಬೀಳಬೇಕು. ನನ್ನ ಕತೆಯ ನಾಯಕ, ಪರಿಚಯವಿಲ್ಲದ ಮುದುಕನೊಬ್ಬನಿಗಾಗಿ ಡಾಕ್ಟರನ್ನು ಕರೆತರಲು ಮಳೆಯಲ್ಲಿ ಓಡುತ್ತಿದ್ದ. ಆಗ ಮುಂಬಾಗಿಲು ಬಡಿದ ಸದ್ದಾಯಿತು. "ಸಾಮೀ" ಎಂದು ಒಂದು ಕೂಗು. ಪಿಳ್ಳಮ್ಮನವರ ದನಿ. ಇನ್ನೊಮ್ಮೆ ಬಡಿದರು. ಬೀಗ ನೇತಾಡುವ ಬಾಗಿಲನ್ನು ಬಡಿಯುವ ಜಾಣರೂ ಇದ್ದಾರಲ್ಲ ಎಂದು ನಾನು ನಕ್ಕೆ. ಇದನ್ನು ಬಿಡದೆ ಹೇಳಬೇಕು: ನಕ್ಕೆ. ಹೆಜ್ಜೆಯ ಸದ್ದು ದೂರವಾಯಿತು. ನಾಯಕ ಇನ್ನೂ ಎರಡು ಹಾಳೆ ಓಡಿದ.

ಹನ್ನೆರಡೂವರೆಗೆ ಲಕೋಟೆ ಹಿಡಿದು ಹಿತ್ತಿಲಿಗೆ ಬಂದೆ. ಹಸುಗಳು ಒಂದೇ ಸಮನೆ ಅರಚುತ್ತಿದ್ದವು. ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲ. ಕಲಗಚ್ಚಿನ ಬಕೆಟ್ಟು ಮಗುಚಿ ಬಿದ್ದಿತ್ತು. ಚಿಕ್ಕಣ್ಣನವರು ಅಲ್ಲಿಯೇ ಕುಸಿದು ಬಿದ್ದರಂತೆ. ಪಿಳ್ಳಮ್ಮ ರಸ್ತೆಗೆ ಓಡಿ, ತಣಿಸಂದ್ರದ ಕಡೆಯಿಂದ ಬರುತ್ತಿದ್ದ ಇಟ್ಟಿಗೆ ಲಾರಿಗೆ ಅಡ್ಡ ನಿಂತು, ಗಂಡನನ್ನು ಅದರಲ್ಲೇ ಆಸ್ಪತ್ರೆಗೆ ಒಯ್ದರಂತೆ. ಇದನ್ನೆಲ್ಲ ಎದುರುಮನೆಯಾಕೆ ಹೇಳಿದರು. ನನ್ನ ಸೈಕಲ್ಲು ಗೋಡೆಗೆ ಒರಗಿಕೊಂಡು ನಿಂತಿತ್ತು. ಡಾಕ್ಟರ ಶಾಪಿಗೆ ಸೈಕಲ್ಲಿನಲ್ಲಿ ನಾಲ್ಕು ನಿಮಿಷ. ಆಮೇಲೆ ಅಳೆದು ನೋಡಿದ್ದೇನೆ, ಒಂದಕ್ಕಿಂತ ಹೆಚ್ಚು ಸಲ.

ಚಿಕ್ಕಣ್ಣನವರು ಉಳಿದರು. ಬಲಗೈ ಮಾತ್ರ ಮೊದಲಿನಂತಾಗಲಿಲ್ಲ. ಹಾಲು ಕರೆಯುವ ಕೆಲಸ ಪೂರ್ತಿ ಪಿಳ್ಳಮ್ಮನ ಪಾಲಿಗೆ ಬಂತು. ನನ್ನ ಕಂತು ಸಮಯಕ್ಕೆ ಸರಿಯಾಗಿ ತಲುಪಿತು. ಅದರಲ್ಲಿಯ ಮಾನವೀಯತೆಯನ್ನು ಮೆಚ್ಚಿ ಓದುಗರೊಬ್ಬರು ಪತ್ರವನ್ನೂ ಬರೆದರು. ಬೀದಿಯಲ್ಲಿ ಪಿಳ್ಳಮ್ಮ ಹೇಳುತ್ತಿದ್ದುದನ್ನು ನಾನೇ ಎರಡು ಸಲ ಕೇಳಿಸಿಕೊಂಡೆ: "ಬೀಗ ಇತ್ತು, ಸಾಮಿ ಮನೇಲಿರ್ಲಿಲ್ಲ. ಇದ್ದಿದ್ರೆ ಓಡ್ಬರೋರು."

ನಮ್ಮ ಈ ಸೀಮೆಯ ಕೆರೆಯಂಗಳಗಳಲ್ಲಿ, ಹೊಲದ ಬದುಗಳಲ್ಲಿ ವೀರಗಲ್ಲುಗಳಿವೆ. ಹೆಬ್ಬಾಳದಾಚೆ ಅಂಥದೊಂದರ ಮುಂದೆ ಆ ದಿನಗಳಲ್ಲಿ ಬಹಳ ಹೊತ್ತು ನಿಂತಿದ್ದೆ. ಊರಿನ ದನಗಳನ್ನು ಯಾರೋ ಅಟ್ಟಿಕೊಂಡು ಹೋದಾಗ ಕೂಗು ಕೇಳಿ ಎದ್ದು ಓಡಿದವನ ಕಲ್ಲು ಅದು. ಅವನೂ ಆ ಹೊತ್ತಿಗೆ ಏನೋ ಕೆಲಸದಲ್ಲಿದ್ದಿರಬೇಕು; ಅರ್ಧ ಉತ್ತ ಸಾಲೋ, ಅರ್ಧ ಉಂಡ ಮುದ್ದೆಯೋ. ಕೂಗು ಕೇಳಿಯೂ ಕದ ಹಾಕಿಕೊಂಡು ಕೈಯಲ್ಲಿದ್ದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದವರೂ ಆ ಊರಲ್ಲಿ ಇದ್ದೇ ಇದ್ದರು. ಶಿಸ್ತಿನ ಆ ಮಹನೀಯರಿಗೆ ಯಾರೂ ಕಲ್ಲು ನಿಲ್ಲಿಸಿಲ್ಲ.

ಒಂದು ತಿಂಗಳಾದ ಮೇಲೆ ಕೊಟ್ಟಿಗೆಗೆ ಹೋದೆ. ಪಿಳ್ಳಮ್ಮ ಹಾಲು ಕರೆಯುತ್ತಿದ್ದರು. "ಅವತ್ತು ನಾನು ಒಳಗೇ ಇದ್ದೆ ಕಣಮ್ಮ" ಎಂದೆ.

ಅವರ ಕೈ ನಿಲ್ಲಲಿಲ್ಲ. "ಗೊತ್ತು ಸಾಮಿ. ಮುಂದ್ಗಡೆ ಬೀಗ, ಇಂದ್ಗಡೆ ಮೆಟ್ಲಲ್ಲಿ ಚಪ್ಲಿ. ಮೊದಲ್ನೇ ದಿನದಿಂದ ನೋಡ್ತಾ ಇವ್ನಿ. ಬಂದೋರ್ಗೆಲ್ಲ ಇಲ್ಲ ಓಗ್ರಪ್ಪ ಅಂತ ನಾನೇ ಏಳ್ ಕಳಿಸ್ತಿದ್ದೆ."

ಮನೆಯೊಳಗೆ ಚಪ್ಪಲಿ ತರಬಾರದೆಂಬ ಮಡಿ ನನ್ನನ್ನು ಮೊದಲ ದಿನವೇ ಬಯಲು ಮಾಡಿತ್ತು. ನನ್ನ ಹದಿನೆಂಟು ದಿನಗಳ ನಿಶ್ಶಬ್ದವನ್ನು ಕಾದದ್ದು ಬೀಗವಲ್ಲ, ಈಕೆ.

"ಮತ್ತೆ ಎಲ್ಲರ ಹತ್ರ ನಾನು ಇರ್ಲಿಲ್ಲ ಅಂದ್ರಿ?"

"ಇದ್ದೂ ಬರ್ಲಿಲ್ಲ ಅನ್ನೋಕಾಯ್ತದಾ? ಓಡೋ ದಾರೀಲಿ ಮುಂದ್ಗಡೆ ಬಾಗ್ಲೇ ಸಿಕ್ತು, ಎಲ್ಡ್ ಸಲ ಬಡ್ದೆ. ತೆಗೀಲಿಲ್ಲ. ಅದೇನೋ ಬಾಳ ದೊಡ್ ಕೆಲ್ಸ ಇರ್ಬೇಕು ಅಂತ ರೋಡಿಗೆ ಓಡ್ದೆ." ಪಾತ್ರೆಯನ್ನು ಹತ್ತಿರ ಎಳೆದುಕೊಂಡು ಕೇಳಿದರು: "ಏನ್ ಬರೀತಿದ್ರಿ ಸಾಮಿ ಅವತ್ತು?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಡಾಕ್ಟರನ್ನ ಕರೆಯೋಕೆ ಒಬ್ಬ ಓಡ್ತಾನೆ, ಅದನ್ನ."

"ಸಿಕ್ಕುದ್ರಾ ಡಾಕ್ಟ್ರು?"

"ಸಿಕ್ಕರು."

"ಸರಿ ಬುಡಿ. ಕತೇಲಾದ್ರೂ ಓಡಿದ್ರಲ್ಲ."

ಆ ಬೀಗ ಈಗ ಎಲ್ಲಿದೆಯೋ ಗೊತ್ತಿಲ್ಲ. ನನ್ನ ಚಪ್ಪಲಿ ಮುಂಬಾಗಿಲಲ್ಲೇ ಇರುತ್ತವೆ, ಮೂತಿ ಬೀದಿಯ ಕಡೆಗೆ. ದಿನಕ್ಕೆ ಎರಡು ಹಾಳೆಯಾದರೆ ಹೆಚ್ಚು. ಸಂಪಾದಕರ ಕಾರ್ಡುಗಳು ಬರುತ್ತಲೇ ಇವೆ. ಆದರೆ ನಮ್ಮ ಬೀದಿಯಲ್ಲಿ ಯಾರ ಸಿಲಿಂಡರೂ ಬಾಗಿಲವರೆಗೆ ಬಂದು ವಾಪಸು ಹೋಗಿಲ್ಲ.